ಚಾರಿಜಾರ್ಡ್ ಯಾಕೆ ಡ್ರಾಗನ್ ಅಲ್ಲ?

[ಪರದೆಯಲ್ಲಿ: ಬೆಂಕಿ ಉಗುಳುವ ಚಾರಿಜಾರ್ಡ್]

ರೆಕ್ಕೆ ಇದೆ, ಉದ್ದ ಬಾಲ ಇದೆ, ಬಾಯಿಂದ ಬೆಂಕಿ ಬರುತ್ತದೆ. ಆದರೂ ಪ್ರಾಣಿಗಳನ್ನು ಹಿಡಿದು, ಸಾಕಿ, ಕಾದಾಡಿಸುವ ಪೋಕೆಮಾನ್ ಅನ್ನೋ ವಿಡಿಯೋ ಆಟದಲ್ಲಿ ಚಾರಿಜಾರ್ಡ್ ಡ್ರಾಗನ್ ಅಲ್ಲ. ಅದರ ಟೈಪ್, ಅಂದರೆ ಯುದ್ಧದಲ್ಲಿ ಅದು ಸೇರುವ ವರ್ಗ, ಫೈರ್ (ಬೆಂಕಿ) ಮತ್ತು ಫ್ಲೈಯಿಂಗ್ (ಹಾರುವುದು).

ಮಡಿಕೇರಿಯಿಂದ ಎಲ್ಲರಿಗೂ ನಮಸ್ಕಾರ. ಮಳೆ ಜೋರಾಗಿ ಶಾಲೆಗೆ ರಜೆ ಸಿಕ್ಕಿದರೆ ಇಲ್ಲಿನ ಮಕ್ಕಳು ಒಂದೇ ಮನೆಯಲ್ಲಿ ಸೇರಿ ಆಡುತ್ತಾರೆ. ಆಗ ಈ ವಿಷಯಕ್ಕೆ ಜಗಳ ಆಗಿಯೇ ಆಗುತ್ತದೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆಟದ ಲೆಕ್ಕ ಹಾಕಿ ನೋಡಿದರೆ ಈ ನಿರ್ಧಾರ ಸರಿ ಅಂತಲೇ ನನಗೆ ಅನಿಸುತ್ತದೆ.

1996ರ ಮೊದಲ ಆಟಗಳಲ್ಲಿ ಡ್ರಾಗನ್ ಟೈಪ್ ಇದ್ದದ್ದು ಒಂದೇ ಮನೆತನಕ್ಕೆ: ಡ್ರಾಟಿನಿ, ಡ್ರಾಗನೇರ್, ಡ್ರಾಗನೈಟ್. ಡ್ರಾಗನ್‌ಗಳ ಗುರು ಅನಿಸಿಕೊಂಡ ಲ್ಯಾನ್ಸ್ ಹತ್ತಿರವೂ ಐದರಲ್ಲಿ ಮೂರೇ ನಿಜವಾದ ಡ್ರಾಗನ್. ಉಳಿದ ಎರಡು, ನೋಡೋಕೆ ಮಾತ್ರ ಡ್ರಾಗನ್‌ನಂತಿರುವ ಗ್ಯಾರಡಾಸ್ ಮತ್ತು ಏರೋಡ್ಯಾಕ್ಟಿಲ್.

[ಪರದೆಯಲ್ಲಿ: ಟೈಪ್ ಪಟ್ಟಿ]

ಟೈಪ್ ಅನ್ನೋದು ರೂಪ ನೋಡಿ ಕೊಡುವ ಬಿರುದಲ್ಲ. ಯಾವ ಹೊಡೆತ ಎಷ್ಟು ನೋಯಿಸಬೇಕು ಅಂತ ಅದು ತೀರ್ಮಾನಿಸುತ್ತದೆ. ಡ್ರಾಗನ್ ಟೈಪ್ ಇದ್ದರೆ ಬೆಂಕಿ, ನೀರು, ಹುಲ್ಲು, ಕರೆಂಟು, ಈ ನಾಲ್ಕೂ ಹೊಡೆತಗಳು ಅರ್ಧಕ್ಕೆ ಇಳಿಯುತ್ತವೆ.

ಈಗ ಚಾರಿಜಾರ್ಡ್‌ಗೆ ಫೈರ್ ಜೊತೆ ಡ್ರಾಗನ್ ಕೊಡಿ. ಫೈರ್ ಆದ್ದರಿಂದ ನೀರಿನ ಹೊಡೆತ ಎರಡು ಪಟ್ಟು, ಡ್ರಾಗನ್ ಆದ್ದರಿಂದ ಅರ್ಧ. ಕೊನೆಗೆ ಮಾಮೂಲಿ ಹೊಡೆತ. ಆಟ ಶುರುವಾಗೋದೇ ನೀರು ಬೆಂಕಿಯನ್ನು ಸೋಲಿಸುತ್ತದೆ, ಬೆಂಕಿ ಹುಲ್ಲನ್ನು, ಹುಲ್ಲು ನೀರನ್ನು ಅನ್ನುವ ಪಾಠದಿಂದ. ಶುರುವಿನಲ್ಲಿ ನೀರಿನ ಪೋಕೆಮಾನ್ ಸ್ಕ್ವರ್ಟಲ್ ಆರಿಸಿಕೊಂಡ ಮಗುವಿಗೆ ಕೊಟ್ಟ ಮಾತು ಅಲ್ಲೇ ಮುರಿದು ಹೋಗುತ್ತಿತ್ತು.

ಗ್ಯಾರಡಾಸ್ ಕಥೆ ಇನ್ನೂ ಚೆನ್ನಾಗಿದೆ. ಆಟದ ಶುರುವಿನಲ್ಲೇ ಒಬ್ಬ ಮಾರಾಟಗಾರ ಆಟದ ದುಡ್ಡಿನ 500ಕ್ಕೆ ಒಂದು ಮ್ಯಾಜಿಕಾರ್ಪ್ ಮೀನು ಕೊಡುತ್ತಾನೆ. ಲೆವೆಲ್ 20ಕ್ಕೆ ಅದು ಗ್ಯಾರಡಾಸ್ ಆಗುತ್ತದೆ. ಅದು ನೀರು ಮತ್ತು ಡ್ರಾಗನ್ ಆಗಿದ್ದರೆ? ಹುಲ್ಲು, ಕರೆಂಟು, ಮಂಜುಗಡ್ಡೆ ಎಲ್ಲವೂ ಅದಕ್ಕೆ ಮಾಮೂಲಿ ಹೊಡೆತ. ಡ್ರಾಗನ್ ಹೊಡೆತ ಮಾತ್ರ ಎರಡು ಪಟ್ಟು ಆಗಬೇಕು. ಆದರೆ ಆಗ ಇದ್ದ ಒಂದೇ ಡ್ರಾಗನ್ ಹೊಡೆತ ಡ್ರಾಗನ್ ರೇಜ್, ಅದು ಯಾರಿಗೇ ಬಿದ್ದರೂ ಕಳೆಯುವುದು ಸರಿಯಾಗಿ 40 ಅಂಕ. ಅಂದರೆ 500ರ ಮೀನಿಗೆ ದೌರ್ಬಲ್ಯವೇ ಇರುತ್ತಿರಲಿಲ್ಲ! ನಿಜದಲ್ಲಿ ಅದು ನೀರು ಮತ್ತು ಫ್ಲೈಯಿಂಗ್ ಆದ್ದರಿಂದ ಕರೆಂಟು ಅದಕ್ಕೆ ನಾಲ್ಕು ಪಟ್ಟು ತಗಲುತ್ತದೆ, ಕರೆಂಟು ಹೊಡೆಯುವ ಪುಟ್ಟ ಪಿಕಾಚುಗೂ ಒಂದು ದಾರಿ ಇರುತ್ತದೆ. ಡ್ರಾಗನೈಟ್ ಬೇಕು ಅಂದರೆ ಲೆವೆಲ್ 55ರವರೆಗೆ ಬೆವರು ಸುರಿಸಬೇಕು. ಈ ಬೆಲೆ ನನಗೆ ನ್ಯಾಯ ಅನಿಸುತ್ತದೆ.

ಹಾಗಂತ ರೂಪಕ್ಕೆ ಜಾಗವೇ ಇಲ್ಲ ಅಂತಲ್ಲ. 1999ರಲ್ಲಿ ಮೊಟ್ಟೆ ಇಡಿಸುವ ವ್ಯವಸ್ಥೆ ಬಂತು. ಯಾವುದರ ಜೊತೆ ಯಾವುದು ಮೊಟ್ಟೆ ಇಡಬಹುದು ಅಂತ ಹೇಳುವ ಅದರ ಎಗ್ ಗ್ರೂಪ್‌ಗಳಲ್ಲಿ ಚಾರಿಜಾರ್ಡ್, ಗ್ಯಾರಡಾಸ್ ಎರಡೂ ಡ್ರಾಗನ್ ಗುಂಪಿಗೆ ಸೇರಿದವು. ರಕ್ತಸಂಬಂಧ ಎಗ್ ಗ್ರೂಪ್‌ನಲ್ಲಿ, ಯುದ್ಧದ ಬಲ ಟೈಪ್‌ನಲ್ಲಿ. ಆಟದ ಅಲೋಲಾ ಪ್ರದೇಶದ ಎಕ್ಸೆಗ್ಯೂಟರ್ ಇದಕ್ಕೆ ಪೂರ್ತಿ ಉಲ್ಟಾ. 2016ರಲ್ಲಿ ಬಂದ ಈ ತೆಂಗಿನಮರದಂಥ ಪ್ರಾಣಿಗೆ ಡ್ರಾಗನ್ ಟೈಪ್ ಇದೆ, ಎಗ್ ಗ್ರೂಪ್ ಮಾತ್ರ ಬರೀ ಗ್ರಾಸ್.

2013ರಲ್ಲಿ ಚಾರಿಜಾರ್ಡ್‌ನ ತಾತ್ಕಾಲಿಕ ರೂಪವಾದ ಮೆಗಾ ಚಾರಿಜಾರ್ಡ್ ಎಕ್ಸ್‌ಗೆ ಕೊನೆಗೂ ಡ್ರಾಗನ್ ಟೈಪ್ ಸಿಕ್ಕಿತು, ಅದೂ ಯುದ್ಧ ಮುಗಿಯುವವರೆಗೆ ಮಾತ್ರ. ಅದೇ ವರ್ಷ ಬಂದ ಫೇರಿ ಟೈಪ್‌ಗೆ ಡ್ರಾಗನ್ ಹೊಡೆತ ತಾಗುವುದೇ ಇಲ್ಲ. ಬಲ ಕೊಟ್ಟರು, ಜೊತೆಗೇ ಅದಕ್ಕೊಂದು ಕಡಿವಾಣವನ್ನೂ ಹಾಕಿದರು.

[ಪರದೆಯಲ್ಲಿ: ಮರದ ಕಾಂಡದ ಮೇಲೆ ಹಾರುವ ಓತಿ]

ಈಗ ನಮ್ಮ ಕೊಡಗಿನದೊಂದು ಪ್ರಾಣಿ. ಹಾರುವ ಓತಿ. ಪಕ್ಕೆಲುಬು ಅಗಲಿಸಿ, ಚರ್ಮ ಬಿಡಿಸಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ, ಇರುವೆ ತಿನ್ನುತ್ತದೆ. ವಿಜ್ಞಾನಿಗಳು ಇದರ ಕುಲಕ್ಕೆ ಇಟ್ಟ ಹೆಸರೇ ಡ್ರಾಕೊ, ಅಂದರೆ ಡ್ರಾಗನ್. ಇದನ್ನು ಆಟಕ್ಕೆ ಸೇರಿಸಿದರೆ ಎಗ್ ಗ್ರೂಪ್ ಡ್ರಾಗನ್, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಮೊದಲ ಕಾಡಿನಲ್ಲೇ ಸಿಗುವ ಪ್ರಾಣಿ ಅಲ್ವಾ, ಟೈಪ್ ನಾರ್ಮಲ್ ಮತ್ತು ಫ್ಲೈಯಿಂಗ್ ಸಾಕು. ಲೆವೆಲ್ 50 ದಾಟಿ ವಿಕಾಸವಾದ ಮೇಲೆ ಡ್ರಾಗನ್ ಕೊಡೋಣ.