ಹರವಿಯೂ ಕೂಲರೂ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ವರ್ಷ ಏಪ್ರಿಲ್ ತಿಂಗಳು. ವಿಜಯಪುರದ ಒಂದು ಮನೆಯಿಂದ ಕೂಲರ್ ರಿಪೇರಿಗೆ ಕರೆ ಬಂತು. ಹೋದೆ. ಬಾಗಿಲು ತೆರೆದವರು ಎಪ್ಪತ್ತು ದಾಟಿದ ಒಬ್ಬ ಆಯಿ. "ತಮ್ಮಾ, ಈ ಮಷೀನ್ ಕೆಟ್ಟದ ನೋಡು. ರಾತ್ರಿ ಇದರ ಮುಂದ ಮಲಕೊಂಡ್ರ ಮೈಯೆಲ್ಲ ಜಿಗಿಜಿಗಿ ಅಂತದ. ಹಾಸಿಗಿ ಹಸಿಹಸಿ. ಡಬ್ಬಿಯೊಳಗಿನ ಹಪ್ಪಳ ಸೈತ ಮೆತ್ತಗಾಗ್ಯಾವ" ಎಂದರು.

ಮೋಟರ್ ನೋಡಿದೆ, ಪಂಪ್ ನೋಡಿದೆ. ಎರಡೂ ಚೆನ್ನಾಗಿದ್ದವು. ಆಮೇಲೆ ಕೋಣೆಯನ್ನು ನೋಡಿದೆ. ಎರಡೂ ಕಿಟಕಿ ಮುಚ್ಚಿ ಚಿಲಕ ಹಾಕಿದ್ದರು. ತಂಪು ಹೊರಗೆ ಹೋಗದಿರಲಿ ಎಂದು ಬಾಗಿಲ ಕೆಳಗಿನ ಸಂದಿಗೆ ಹಳೆಯ ಟಾವೆಲ್ ತುರುಕಿದ್ದರು. ಪಾಪ, ಆ ಕೂಲರ್ ಕೋಣೆಯ ನಡುವೆ ನಿಂತು, ತೊಯ್ದ ಗಾಳಿಯನ್ನೇ ಮತ್ತೆ ಮತ್ತೆ ತೋಯಿಸುತ್ತಿತ್ತು.

ಅಡುಗೆಮನೆಯ ಮೂಲೆಯಲ್ಲಿ ನೀರಿನ ಹರವಿ, ಅಂದರೆ ಮಣ್ಣಿನ ಗಡಿಗೆ, ಇತ್ತು. ಅದನ್ನು ತೋರಿಸಿ, "ಆಯಿ, ಮಳೆಗಾಲದಾಗ ಹರವಿ ನೀರು ಇಷ್ಟು ತಣ್ಣಗ ಇರತದೇನು?" ಎಂದು ಕೇಳಿದೆ. "ಎಲ್ಲಿದಪಾ, ಬ್ಯಾಸಗಿಗೆ ಅಷ್ಟ" ಎಂದರು. ಕೂಲರಿನ ಮರ್ಮವೂ ಇಷ್ಟೇ. ಹರವಿಯ ಮೈಯಿಂದ ಜಿನುಗಿದ ನೀರು ಒಣಗಾಳಿಗೆ ಆರುವಾಗ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಸಾವಿರ ವಾಟ್‌ನ ಹೀಟರ್ 40 ನಿಮಿಷ ಉರಿದರೆ ಕೊಡುವಷ್ಟು ಶಾಖ ಅದು. ಅಷ್ಟನ್ನೂ ಒಂದು ತಂಬಿಗೆ ನೀರು ಸದ್ದಿಲ್ಲದೆ ಹೊತ್ತುಕೊಂಡು ಹೋಗುತ್ತದೆ.

ನಮ್ಮ ವಿಜಯಪುರದ ಬಿಸಿಲು ಒಣಬಿಸಿಲು, ಆ ಮಟ್ಟಿಗೆ ನಾವು ಪುಣ್ಯವಂತರು. ಹೊರಗೆ 40 ಡಿಗ್ರಿ, ಗಾಳಿಯಲ್ಲಿ ತೇವ ನೂರಕ್ಕೆ 20ರಷ್ಟು ಇದ್ದಾಗ, ಒಳ್ಳೆಯ ಕೂಲರಿನಿಂದ ಹೊರಡುವ ಗಾಳಿ 27 ಡಿಗ್ರಿಯ ಹತ್ತಿರ ಬರುತ್ತದೆ. ಇದಕ್ಕೆ ತಗಲುವ ಕರೆಂಟು 150ರಿಂದ 200 ವಾಟ್. ಒಂದೂವರೆ ಟನ್ ಎಸಿಗಾದರೆ ಸುಮಾರು 1,500 ವಾಟ್ ಬೇಕು. ಅದೇ ಜುಲೈ ತಿಂಗಳಲ್ಲಿ ಗಾಳಿ ಹಸಿಯಾದಾಗ ಕೂಲರ್ ಎರಡು ಮೂರು ಡಿಗ್ರಿ ಇಳಿಸಿದರೆ ಹೆಚ್ಚು. ಬೆಳಗಾವಿಯ ಜಡಿಮಳೆಯಲ್ಲಿ ಕೂಲರ್ ಹಚ್ಚಿ "ತಂಪಾಗವಲ್ದು" ಎಂದು ಫೋನ್ ಮಾಡುವವರಿದ್ದಾರೆ. ಅದು ಯಂತ್ರದ ದೋಷ ಅಲ್ಲ.

ಹಾಗಾಗಿ ಕೂಲರಿನ ಬೆನ್ನು ಹೊರಗಾಳಿಗೆ ಇರಬೇಕು. ಕಿಟಕಿಗೆ ಹೊಂದಿಸಿ ಇಡುವುದು ಎಲ್ಲಕ್ಕಿಂತ ಮೇಲು. ಅದರ ಎದುರು ದಿಕ್ಕಿನಲ್ಲಿ ಒಂದು ಕಿಟಕಿಯೋ ಬಾಗಿಲೋ ತೆರೆದಿರಬೇಕು. ಒಳಗೆ ಬಂದ ಗಾಳಿ ಮನೆಯ ಕಾವನ್ನೂ ತೇವವನ್ನೂ ಎತ್ತಿಕೊಂಡು ಆ ದಾರಿಯಲ್ಲಿ ಹೊರಗೆ ಹೋಗಬೇಕು. ಆಯಿಯ ಮನೆಯಲ್ಲಿ ಟಾವೆಲ್ ತೆಗೆದು, ಎದುರಿನ ಕಿಟಕಿ ತೆರೆದು, ಕೂಲರನ್ನು ಇನ್ನೊಂದು ಕಿಟಕಿಗೆ ಸರಿಸಿದೆ. ಅರ್ಧ ಗಂಟೆಯಲ್ಲಿ ಅವರೇ ಸೆರಗು ಹೊದ್ದುಕೊಂಡು ಕುಳಿತರು. ಎಸಿಗೆ ಮಾತ್ರ ಇದರ ತಿರುಗುಮುರುಗು. ಅದು ಕೋಣೆಯ ಗಾಳಿಯನ್ನೇ ತಿರುಗಿಸಿ ತಂಪು ಮಾಡುವುದರಿಂದ ಕಿಟಕಿ ಮುಚ್ಚಲೇಬೇಕು. ಎಸಿ, ಕೂಲರ್ ಎರಡನ್ನೂ ಒಂದೇ ಕೋಣೆಯಲ್ಲಿ ಹಚ್ಚಬೇಡಿ.

ಇನ್ನು ನೀರಿನ ಮಾತು. ನಮ್ಮ ಕಡೆ ಬೋರಿನ ನೀರು ಬಹಳ ಕಡೆ ಸವಳು. ಹಳೆಯ ಹರವಿ ಎರಡು ಮೂರು ವರ್ಷಕ್ಕೆ ನೀರು ತಣ್ಣಗೆ ಮಾಡುವುದನ್ನು ಬಿಡುತ್ತದೆ, ಹೆಣ್ಣುಮಕ್ಕಳಿಗೆ ಇದು ಗೊತ್ತು. ನೀರು ಆರಿಹೋಗುತ್ತದೆ, ನೀರಿನಲ್ಲಿದ್ದ ಉಪ್ಪು ಹಿಂದೆ ಉಳಿಯುತ್ತದೆ. ಅದು ಮಣ್ಣಿನ ಸಣ್ಣ ಸಣ್ಣ ರಂಧ್ರಗಳನ್ನು ಕಟ್ಟಿಬಿಡುತ್ತದೆ. ನೀರು ಹೀರಿ ಗಾಳಿಯನ್ನು ತಂಪು ಮಾಡುವ ಕೂಲರಿನ ಹುಲ್ಲಿಗೂ, ಜೇನುಗೂಡಿನಂಥ ಪ್ಯಾಡಿಗೂ ಆಗುವುದು ಇದೇ. 40 ಲೀಟರ್ ತೊಟ್ಟಿಯನ್ನು ಖಾಲಿ ಮಾಡದೆ, ಕಡಿಮೆಯಾದಷ್ಟು ಸುರಿಯುತ್ತಾ ಹೋದಿರಿ ಎನ್ನಿ. ಹತ್ತು ತೊಟ್ಟಿಯಷ್ಟು ನೀರು ಆರಿತು ಎಂದರೆ, ಆ 400 ಲೀಟರಿನ ಉಪ್ಪಷ್ಟೂ ಆ ಒಂದು ತೊಟ್ಟಿಯಲ್ಲೇ ಕೂತಿದೆ. ಹುಲ್ಲಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪೊರೆ ಕಟ್ಟುತ್ತದೆ, ಮುಟ್ಟಿದರೆ ಕಡ್ಡಿಯಂತೆ ಗಟ್ಟಿ. ನೀರು ಒಂದು ಕಡೆ ಇಳಿಯುತ್ತದೆ, ಇನ್ನೊಂದು ಕಡೆ ಒಣಗಿರುತ್ತದೆ. ಒಣಗಿದ ಕಡೆಯಿಂದ ಬಿಸಿಗಾಳಿಯೇ ಒಳಗೆ ನುಗ್ಗುತ್ತದೆ.

ಅದಕ್ಕೇ ವಾರಕ್ಕೊಮ್ಮೆ ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲಿ. ಹಣ ಕೊಟ್ಟು ಟ್ಯಾಂಕರ್ ತರಿಸುವ ಊರಿನಲ್ಲಿ ನೀರು ಚೆಲ್ಲಿ ಎನ್ನಲು ನನಗೂ ಸಂಕಟವಾಗುತ್ತದೆ. ಅಂಗಳಕ್ಕೆ ಚಿಮುಕಿಸಿ, ಪಾಯಿಖಾನೆಗೆ ಹಾಕಿ, ಆದರೆ ತೊಟ್ಟಿ ಬರಿದು ಮಾಡಿ. ತೊಟ್ಟಿಯ ಒಳಗೋಡೆಯನ್ನು ನಾರಿನಿಂದ ತಿಕ್ಕಬೇಕು. ಡೆಂಗಿ ಹರಡುವ ಸೊಳ್ಳೆ ನೀರಿನ ಅಂಚಿನ ಮೇಲೆ, ಗೋಡೆಗೆ ಅಂಟಿಸಿ ಮೊಟ್ಟೆ ಇಡುತ್ತದೆ. ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ, ನೀರು ತಾಗಿದರೆ ಎಂಟು ಹತ್ತು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಪಂಪಿಗೆ ಉಪ್ಪು ಕಟ್ಟಿದ್ದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ ಒಂದು ತಾಸು ನೆನೆಹಾಕಿ. ಪೊರೆ ನೊರೆಯಾಗಿ ಬಿಡುತ್ತದೆ. ರಾತ್ರಿ ಕೂಲರ್ ಬಂದ್ ಮಾಡುವ ಮುನ್ನ ಪಂಪ್ ಮೊದಲು ನಿಲ್ಲಿಸಿ, ಬರೀ ಫ್ಯಾನ್ ಹತ್ತು ನಿಮಿಷ ಓಡಲಿ. ಪ್ಯಾಡ್ ಆರುತ್ತದೆ, ಮುಗ್ಗಲು ವಾಸನೆ ಹಿಡಿಯುವುದಿಲ್ಲ.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ತಗಡಿನ ಕೂಲರ್, ನೀರು, ಕರೆಂಟು, ಈ ಮೂರೂ ಒಂದೇ ಕಡೆ ಇವೆ. "ಮುಟ್ಟಿದ್ರ ಕೈ ಸ್ವಲ್ಪ ಜುಂ ಅಂತದ, ಹಂಗ ನಡದದ" ಎಂದು ಜನ ಸಲೀಸಾಗಿ ಹೇಳುವುದನ್ನು ಕೇಳಿದಾಗೆಲ್ಲ ನನ್ನ ಎದೆ ಝಲ್ಲೆನ್ನುತ್ತದೆ. ಜುಂ ಎಂದರೆ ಕರೆಂಟು ಕೂಲರಿನ ಮೈಗೆ ಬಂದಿದೆ ಎಂದೇ ಅರ್ಥ. ಆ ಕ್ಷಣವೇ ಪ್ಲಗ್ ಕೀಳಿ, ರಿಪೇರಿಯಾಗುವ ತನಕ ಹಚ್ಚಬೇಡಿ. ಮೂರು ಪಿನ್ನಿನ ಪ್ಲಗ್ ಇದ್ದರೆ ಸಾಲದು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ತಂತಿ ಗೋಡೆಯ ಹಿಂದೆ ನಿಜವಾಗಿ ಇದೆಯೇ ಎಂದು ನೋಡಿಸಬೇಕು. ಇನ್ನೊಂದು ಸಂಗತಿ ನಮ್ಮ ಎರೆಭೂಮಿಗೇ ಸೇರಿದ್ದು. ಬೇಸಿಗೆಯಲ್ಲಿ ಎರೆಮಣ್ಣು ಒಣಗಿ ಗೇಣುಗಟ್ಟಲೆ ಬಿರುಕು ಬಿಡುತ್ತದೆ. ಅರ್ಥಿಂಗ್ ಗುಂಡಿಯ ಸುತ್ತಲೂ ಹೀಗೇ ಆಗಿ, ಮಣ್ಣು ಕಂಬಿಯಿಂದ ಕಳಚಿಕೊಳ್ಳುತ್ತದೆ. ಕರೆಂಟಿಗೆ ನೆಲಕ್ಕಿಳಿಯುವ ದಾರಿ ಸಿಗದಂತಾಗುತ್ತದೆ. ಕೂಲರ್ ಹಚ್ಚುವ ಕಾಲವೂ ಅದೇ. ಫೆಬ್ರುವರಿಯಿಂದಲೇ ಆ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕಿ. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂಡಿಸಿಕೊಳ್ಳಿ. ಮೈಯಲ್ಲಿ ಕರೆಂಟು ಹರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುವ ಸಾಧನ ಅದು. ತೊಟ್ಟಿಗೆ ನೀರು ಹಾಕುವಾಗ ಸ್ವಿಚ್ ಆರಿಸುವುದಷ್ಟೇ ಅಲ್ಲ, ಪ್ಲಗ್ಗನ್ನೇ ಕೀಳಿ. ಈ ಕೆಲಸವನ್ನು ಮಕ್ಕಳಿಗೆ ಹೇಳಬೇಡಿ.

ಎಸಿ ಇದ್ದವರಿಗೆ ಒಂದೆರಡು ಮಾತು. ನಮ್ಮ ಧೂಳಿನಲ್ಲಿ ಹದಿನೈದು ದಿನಕ್ಕೊಮ್ಮೆ ಒಳಗಿನ ಫಿಲ್ಟರ್ ಜಾಳಿಗೆಯನ್ನು ತೊಳೆಯಬೇಕು, ಅದನ್ನು ನೀವೇ ಮಾಡಬಹುದು. "ಗ್ಯಾಸ್ ಮುಗದದ, ವರ್ಷಾ ವರ್ಷಾ ತುಂಬಸಬೇಕು" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಸಿಯ ಗ್ಯಾಸ್ ಅಡುಗೆ ಗ್ಯಾಸಿನಂತೆ ಉರಿದು ಖರ್ಚಾಗುವುದಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಮೊದಲು ಸೋರುವ ಜಾಗ ಹುಡುಕಿಸಿ, ಬೆಸುಗೆ ಹಾಕಿಸಿ, ಆಮೇಲೆ ತುಂಬಿಸಿ.

ಚಳಿಗಾಲದ ಗೀಸರಿಗೂ ಶತ್ರು ಅದೇ ಸವಳು ನೀರು. ಗೀಸರ್ ಹಚ್ಚಿದಾಗ ಒಳಗೆ ಗೊರಗೊರ ಸದ್ದು ಬರುತ್ತಿದ್ದರೆ ನೀರು ಕಾಯಿಸುವ ಕಾಯಿಲಿನ ಮೇಲೆ ಉಪ್ಪಿನ ಚಿಪ್ಪು ಕಟ್ಟಿದೆ ಎಂದು ತಿಳಿಯಿರಿ. ಶಾಖ ನೀರಿಗೆ ದಾಟದೆ ಕಾಯಿಲೇ ಸುಟ್ಟುಹೋಗುತ್ತದೆ. ನೀರು ಕಾದಷ್ಟೂ ಚಿಪ್ಪು ಬೇಗ ಕಟ್ಟುತ್ತದೆ, ಆದ್ದರಿಂದ 50, 55 ಡಿಗ್ರಿಗಿಂತ ಮೇಲೆ ಇಡಬೇಡಿ. ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸುವಾಗ ಮೆಗ್ನೀಸಿಯಂ ಕಡ್ಡಿಯನ್ನೂ ನೋಡಲು ಹೇಳಿ. ಟ್ಯಾಂಕಿಗೆ ಹತ್ತಬೇಕಾದ ತುಕ್ಕನ್ನು ತಾನು ತಿಂದು ಸವೆಯುವ ಕಡ್ಡಿ ಅದು, ಸವೆದಿದ್ದರೆ ಬದಲಿಸಬೇಕು. ಗ್ಯಾಸ್ ಗೀಸರನ್ನು ಮಾತ್ರ ಬಚ್ಚಲಮನೆಯ ಒಳಗೆ ಕೂಡಿಸಲೇಬೇಡಿ. ಮುಚ್ಚಿದ ಜಾಗದಲ್ಲಿ ಅದು ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿದ್ದು ಹೊರಗಿನವರಿಗೆ ತಿಳಿಯುವುದೂ ಇಲ್ಲ.

ಮಿರಗದ ಮಳೆ ಬಿದ್ದು ಗಾಳಿ ಹಸಿಯಾದ ಮೇಲೆ ಕೂಲರಿನ ಕೆಲಸ ಮುಗಿಯಿತು. ಹಾಗೆಯೇ ಮೂಲೆಗೆ ನೂಕಬೇಡಿ. ತೊಟ್ಟಿ ಬರಿದು ಮಾಡಿ, ತಿಕ್ಕಿ, ಒಂದು ದಿನ ಬಿಸಿಲಿಗಿಡಿ. ಪಂಪ್ ತೆಗೆದು ಒರೆಸಿ ಡಬ್ಬಿಯಲ್ಲಿ ಇಡಿ. ಗಟ್ಟಿಯಾದ ಹುಲ್ಲನ್ನು ಆಗಲೇ ಕಿತ್ತು ಬಿಸಾಡಿ. ಒಂದು ಹಳೆಯ ಸೀರೆ ಹೊದಿಸಿ ಕಟ್ಟಿಡಿ. ಶಿವರಾತ್ರಿ ಮುಗಿದ ಮೇಲೆ, ಹೊಸ ಹರವಿ ಕೊಳ್ಳಲು ಸಂತೆಗೆ ಹೋದ ದಿನವೇ ಹೊಸ ಹುಲ್ಲನ್ನೂ ತಂದುಬಿಡಿ.

ನಮಸ್ಕಾರ.