ಹಳೆಯ ಜಾವಾ, ಕೈಯಲ್ಲಿರುವಷ್ಟೇ ಹಣ

ಕೇಳುಗರಿಗೆ ನಮಸ್ಕಾರ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನಲ್ಲಿ ತಯಾರಿಸಿದ ಬೈಕುಗಳು ನಮ್ಮ ತುಮಕೂರು ಜಿಲ್ಲೆಯಲ್ಲಿ ಇವತ್ತಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಕೆಲವು ಓಡುತ್ತಿವೆ. ಇನ್ನು ಕೆಲವು ಕೊಟ್ಟಿಗೆಯ ಮೂಲೆಯಲ್ಲೋ ತೋಟದ ಮನೆಯ ಪಡಸಾಲೆಯಲ್ಲೋ ಗೋಣಿಚೀಲ ಹೊದ್ದು ನಿಂತಿವೆ. ತಂದೆಯೋ ಮಾವನೋ ಓಡಿಸಿದ ಅಂಥ ಬೈಕನ್ನು ಮತ್ತೆ ರಸ್ತೆಗೆ ಇಳಿಸಬೇಕೆಂಬ ಆಸೆ ಇದ್ದು, ಮನೆಖರ್ಚು ಕಳೆದು ಉಳಿದ ಹಣವನ್ನಷ್ಟೇ ಅದಕ್ಕೆ ತೆಗೆದಿಡಬಲ್ಲವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಆಡುತ್ತಿದ್ದೇನೆ. ಹಣ ಕಡಿಮೆ ಎಂಬ ಕಾರಣಕ್ಕೆ ಕೆಲಸ ನಿಂತುಹೋಗಬೇಕಾಗಿಲ್ಲ. ಯಾವುದಕ್ಕೆ ಮೊದಲು ಖರ್ಚು ಮಾಡುತ್ತೇವೆ, ಯಾವುದನ್ನು ಕೊನೆಗೆ ಬಿಡುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಆರ್‌ಸಿ ಪುಸ್ತಕವನ್ನು ಕೈಗೆತ್ತಿಕೊಳ್ಳಬೇಕು. ಚಾಸಿಸ್ ಮತ್ತು ಎಂಜಿನ್ ನಂಬರುಗಳನ್ನು ಅದರೊಂದಿಗೆ ಅಂಕಿ ಅಂಕಿಯಾಗಿ ತಾಳೆ ನೋಡಬೇಕು. ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒ ಕಚೇರಿಯಲ್ಲಿ ಗಾಡಿಯನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. 20 ವರ್ಷ ದಾಟಿದ ಬೈಕುಗಳ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 2,000 ರೂಪಾಯಿಗೆ ಏರಿಸಿದೆ. ಹಸಿರು ತೆರಿಗೆ, ವಿಮೆ, ತಡವಾದದ್ದಕ್ಕೆ ದಂಡ ಎಲ್ಲವೂ ಇದರ ಮೇಲೆ ಸೇರುತ್ತವೆ. ಈ ಮೊತ್ತವನ್ನು ಮೊದಲೇ ಬೇರೆ ತೆಗೆದಿಡಿ. ಕಾಗದವಿಲ್ಲದ ಬೈಕನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇನ್ನು ಬಣ್ಣದ ಮಾತು. ಹೆಚ್ಚಿನವರು ಇಲ್ಲಿಂದಲೇ ಆರಂಭಿಸುತ್ತಾರೆ. ಟ್ಯಾಂಕಿಗೆ ಹೊಸ ಬಣ್ಣ, ಮಡ್‌ಗಾರ್ಡಿಗೆ ಹೊಳಪು, ರಿಮ್ಮಿಗೆ ಕ್ರೋಮ್ ಎಂದು ಹಣವೆಲ್ಲ ಕರಗಿದ ಮೇಲೆ ಎಂಜಿನ್ ಮಾತ್ರ ಇದ್ದ ಹಾಗೆಯೇ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ತೊಂದರೆಯೂ ಇದೆ. ಹಳೆಯ ಜಾವಾದ ವಿದ್ಯುತ್ ವ್ಯವಸ್ಥೆ ಕೇವಲ 6 ವೋಲ್ಟಿನದು. ಅರ್ಥ್ ವೈರು ಫ್ರೇಮಿನ ಬರಿಯ ಲೋಹವನ್ನು ಮುಟ್ಟಿಕೊಂಡಿದ್ದರೆ ಮಾತ್ರ ದೀಪ ಸರಿಯಾಗಿ ಉರಿಯುತ್ತದೆ. ಬಣ್ಣ ಬಳಿಯುವಾಗ ಆ ಜಾಗವೂ ಮುಚ್ಚಿಹೋದರೆ ದೀಪ ಮಂಕಾಗುತ್ತದೆ, ಹಾರ್ನ್ ಕುಗ್ಗುತ್ತದೆ, ಮೆಕ್ಯಾನಿಕ್ ಡೈನಮೋ ಬದಲಿಸಬೇಕೆನ್ನುತ್ತಾನೆ. ಅಂಥ ಕಡೆ ಒಂದು ತುಂಡು ಉಪ್ಪುಕಾಗದದಿಂದ ಉಜ್ಜಿ ಲೋಹ ಮಿನುಗುವಂತೆ ಮಾಡಿ ವೈರನ್ನು ಬಿಗಿ ಮಾಡಿದರೆ, ಎಷ್ಟೋ ಸಲ ಬೇರೆ ಖರ್ಚೇ ಇಲ್ಲದೆ ಬೆಳಕು ಮರಳುತ್ತದೆ. ನನ್ನನ್ನು ಕೇಳಿದರೆ, ಹಳೆಯ ಬಣ್ಣ ಅಲ್ಲಲ್ಲಿ ಎದ್ದಿದ್ದರೂ ಅದನ್ನು ಹಾಗೆಯೇ ಉಳಿಸಿಕೊಳ್ಳುವುದು ಮೇಲು. ಕಾರ್ಖಾನೆಯಲ್ಲಿ ಬಳಿದ ಬಣ್ಣ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ.

ಹಣದ ದೊಡ್ಡ ಪಾಲು ಎಂಜಿನ್ನಿಗೆ ಸಲ್ಲಬೇಕು. ಜಾವಾ ಎರಡು ಸ್ಟ್ರೋಕಿನ ಎಂಜಿನ್. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ, ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕ್ ಇರುವ ಕೋಣೆಯ ಮೂಲಕವೇ ಮೇಲಕ್ಕೆ ಹೋಗುವುದರಿಂದ ಆ ಕೋಣೆ ಗಾಳಿಯಾಡದಂತೆ ಭದ್ರವಾಗಿರಬೇಕು. ಅದನ್ನು ಭದ್ರವಾಗಿಡುವುದು ಕ್ರ್ಯಾಂಕಿನ ಎರಡೂ ಬದಿಯ ರಬ್ಬರ್ ಸೀಲುಗಳು. ವರ್ಷಗಟ್ಟಲೆ ನಿಂತ ಬೈಕಿನಲ್ಲಿ ಅವು ಒಣಗಿ ಗಟ್ಟಿಯಾಗಿರುತ್ತವೆ. ಕ್ಲಚ್ ಬದಿಯ ಸೀಲು ಸೋತರೆ ಅಲ್ಲಿನ ಆಯಿಲನ್ನು ಎಂಜಿನ್ ಒಳಗೆ ಎಳೆದುಕೊಳ್ಳುತ್ತದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲುವುದಿಲ್ಲ, ಆಯಿಲಿನ ಮಟ್ಟ ಇಳಿಯುತ್ತಾ ಹೋಗುತ್ತದೆ. ಡೈನಮೋ ಬದಿಯದು ಸೋತರೆ ಹೊರಗಿನ ಗಾಳಿ ಒಳನುಗ್ಗಿ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ವೇಗ ಇಳಿಯುವುದಿಲ್ಲ. ಇದನ್ನು ಕಡೆಗಣಿಸಿ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸೀಲಿನ ಬೆಲೆ ಅಲ್ಪ, ಬಿಚ್ಚಿ ಜೋಡಿಸುವ ಕೂಲಿಯೇ ಹೆಚ್ಚು. ಆದ್ದರಿಂದ ಎಂಜಿನ್ ಬಿಚ್ಚಿದಾಗಲೇ ಬೇರಿಂಗ್, ಸೀಲು, ಗ್ಯಾಸ್ಕೆಟ್ಟುಗಳನ್ನು ಒಟ್ಟಿಗೆ ಬದಲಿಸುವುದು ಜಾಣತನ.

ಈ ಭಾಗಗಳಿಗೆಲ್ಲ ಬೆಂಗಳೂರಿಗೇ ಓಡಬೇಕಾಗಿಲ್ಲ. ಬೇರಿಂಗಿನ ಅಂಚಿನಲ್ಲಿ ಅದರ ನಂಬರ್ ಕೊರೆದಿರುತ್ತದೆ. ಸೀಲಿನ ಮೇಲೆ ಒಳವ್ಯಾಸ, ಹೊರವ್ಯಾಸ ಮತ್ತು ದಪ್ಪದ ಮೂರು ಅಳತೆಗಳಿರುತ್ತವೆ. ಅವುಗಳನ್ನು ಚೀಟಿಯಲ್ಲಿ ಬರೆದುಕೊಂಡು, ಪಂಪ್‌ಸೆಟ್ಟಿಗೂ ಹಿಟ್ಟಿನ ಗಿರಣಿಗೂ ಬೇರಿಂಗ್ ಮಾರುವ ನಮ್ಮೂರಿನ ಅಂಗಡಿಯಲ್ಲಿ ಮೊದಲು ಕೇಳಿ. ಪಿಸ್ಟನ್, ರಿಂಗುಗಳಂಥ ಬೈಕಿನದೇ ಆದ ಭಾಗಗಳಿಗೆ ಮಾತ್ರ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಬನ್ನಿ. ಬೋರಿಂಗ್, ಅಂದರೆ ಸವೆದ ಸಿಲಿಂಡರಿನ ಒಳಮೈಯನ್ನು ಕೊರೆದು ತುಸು ಅಗಲಿಸುವ ವಿಷಯದಲ್ಲಿ ಒಂದು ಕ್ರಮವನ್ನು ತಪ್ಪಬಾರದು: ಪಿಸ್ಟನ್ ಕೈಗೆ ಬಂದ ಮೇಲೆಯೇ ಸಿಲಿಂಡರನ್ನು ಲೇತ್ ಅಂಗಡಿಗೆ ಕೊಟ್ಟು, ಆ ಪಿಸ್ಟನ್ನಿನ ಅಳತೆಗೆ ಸರಿಯಾಗಿ ಬೋರ್ ಮಾಡಿಸಬೇಕು. ಅದಕ್ಕೂ ಮೊದಲು ಹೊಸ ರಿಂಗೊಂದನ್ನು ಸಿಲಿಂಡರಿನೊಳಗೆ ನೇರವಾಗಿ ಕೂರಿಸಿ, ಅದರ ಬಾಯಿಯ ಸಂದನ್ನು ಫೀಲರ್ ಗೇಜಿನಿಂದ, ಅಂದರೆ ದಪ್ಪ ಗುರುತಿಸಿದ ತೆಳು ಲೋಹದ ಪಟ್ಟಿಗಳಿಂದ, ಅಳೆಯಿರಿ. ಸಿಲಿಂಡರಿನಲ್ಲಿ ಗೀರಿಲ್ಲದೆ, ಸಂದು ಮಿತಿಯೊಳಗಿದ್ದರೆ ರಿಂಗು ಬದಲಿಸಿದರೆ ಸಾಕು, ಬೋರಿಂಗ್ ಬೇಕಾಗದು.

ಟ್ಯಾಂಕಿನ ಒಳಗಿನ ತುಕ್ಕನ್ನು ಮನೆಯಲ್ಲೇ ತೆಗೆಯಬಹುದು. ಹುಣಸೆಹಣ್ಣಿನ ಹುಳಿಗೂ ತುಕ್ಕು ಬಿಡುತ್ತದೆ, ಆದರೆ ಅದರ ನಾರು ಮತ್ತು ತಿರುಳು ಒಳಗೆ ಉಳಿದು ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಾದ ಜೆಟ್ಟನ್ನು ಕಟ್ಟುತ್ತವೆ. ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ವಾಸಿ. ಪೆಟ್ರೋಲ್ ಕಾಕನ್ನು ಬಿಚ್ಚಿ ತೂತು ಮುಚ್ಚಿ, ಪ್ರತಿ ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಬೆರೆಸಿ ಟ್ಯಾಂಕಿನ ತುಂಬ ಸುರಿದು ಒಂದು ರಾತ್ರಿ ಬಿಡಿ. ಬೆಳಗ್ಗೆ ಕಂದು ಬಣ್ಣದ ನೀರನ್ನು ಚೆಲ್ಲಿ, ಅಡುಗೆ ಸೋಡ ಕರಗಿಸಿದ ನೀರಿನಿಂದ ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸಿ, ಕೂಡಲೇ ಪೆಟ್ರೋಲಿಗೆ ಸ್ವಲ್ಪ ಟೂ-ಟಿ ಆಯಿಲ್, ಅಂದರೆ ಎರಡು ಸ್ಟ್ರೋಕಿನ ಎಂಜಿನ್ನಿನ ಆಯಿಲ್, ಬೆರೆಸಿ ಒಳಗೆಲ್ಲ ಕುಲುಕಾಡಿಸಬೇಕು. ತಡ ಮಾಡಿದರೆ ಬರಿಯ ಲೋಹಕ್ಕೆ ಸಂಜೆಯೊಳಗೆ ಮತ್ತೆ ತುಕ್ಕು ಹತ್ತುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುವುದರಿಂದ ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸುತ್ತದೆ. ಪೈಪುಗಳನ್ನು ಹೊಸದಾಗಿ ಹಾಕಿಸಿ, ಬೈಕನ್ನು ಬಹುಕಾಲ ನಿಲ್ಲಿಸುವುದಿದ್ದರೆ ಟ್ಯಾಂಕನ್ನು ಖಾಲಿ ಮಾಡಿಡಿ.

ಬ್ರೇಕಿನಲ್ಲಿ ಉಳಿತಾಯದ ಯೋಚನೆ ಬೇಡ. ಹಳೆಯ ಶೂಗಳಿಗೇ ಹೊಸ ಲೈನಿಂಗ್ ಹಾಕಿಸಬಹುದು, ಕೇಬಲ್ಲುಗಳು ಮತ್ತು ಟೈರುಗಳು ಮಾತ್ರ ಹೊಸವೇ ಆಗಿರಬೇಕು.

ಹೊಸ ಪಿಸ್ಟನ್ ಕೂರಿಸಿದ ಎಂಜಿನ್ ಮೊದಲ ಕೆಲವು ನೂರು ಕಿಲೋಮೀಟರ್ ಮೆತ್ತಗೆ ಓಡಬೇಕು. ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರಿಗೆ ಕಡಿಮೆಯಾಗದಂತೆ ಟೂ-ಟಿ ಆಯಿಲ್ ಬೆರೆಸಿ, ಗುಬ್ಬಿಯ ಕಡೆಯ ಸಮತಟ್ಟು ರಸ್ತೆಯಲ್ಲಿ ಹೋಗಿಬನ್ನಿ. ದೇವರಾಯನದುರ್ಗದ ಏರನ್ನು ಆಮೇಲೆ ಹತ್ತಬಹುದು. ಒಂದೇ ವೇಗದಲ್ಲಿ ಬಹುದೂರ ಓಡಿಸದೆ, ನಡುನಡುವೆ ನಿಲ್ಲಿಸಿ ಎಂಜಿನ್ ಆರಲು ಬಿಡಿ. ಮರಳಿ ಬಂದು ಎಂಜಿನ್ ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಅದರ ತುದಿಯನ್ನು ನೋಡಿ. ತಿಳಿಕಂದು ಬಣ್ಣವಿದ್ದರೆ ಮಿಶ್ರಣ ಹದವಾಗಿದೆ. ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ, ಕಾರ್ಬ್ಯುರೇಟರನ್ನು ನಿಧಾನವಾಗಿ ಸರಿಪಡಿಸಿಕೊಳ್ಳಬಹುದು. ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಮಾತ್ರ ಎಲ್ಲಿಂದಲೋ ಗಾಳಿ ಸೋರುತ್ತಿದೆ ಅಥವಾ ಜೆಟ್ಟು ಕಟ್ಟಿಕೊಂಡಿದೆ ಎಂದು ತಿಳಿದು, ಕಾರಣ ಸಿಗುವವರೆಗೆ ಬೈಕನ್ನು ಹೊರಗೆ ತೆಗೆಯಬೇಡಿ. ನಮಸ್ಕಾರ.