ನಡುರಾತ್ರಿಯ ಫೋನು ಯಾರ ಕೈಗೆ?

ಕೇಳುಗರಿಗೆ ನಮಸ್ಕಾರ. ದೇಶ ನಡೆಸುವವರಿಗೆ ಅನುಭವ ಮುಖ್ಯವೋ ವರ್ಚಸ್ಸು ಮುಖ್ಯವೋ ಎಂಬುದು ಇಂದಿನ ಮಾತು.

1960ರ ಸೆಪ್ಟೆಂಬರ್ 26ರ ರಾತ್ರಿ ಷಿಕಾಗೋದ ಟೆಲಿವಿಷನ್ ಸ್ಟುಡಿಯೋ ಒಂದರಲ್ಲಿ, ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಇಬ್ಬರು ಚರ್ಚೆಗೆ ನಿಂತರು. ಎಂಟು ವರ್ಷ ಉಪಾಧ್ಯಕ್ಷರಾಗಿದ್ದ ರಿಚರ್ಡ್ ನಿಕ್ಸನ್ ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆ ಸೇರಿ ಎದ್ದುಬಂದು ಹೆಚ್ಚು ದಿನವಾಗಿರಲಿಲ್ಲ. ಮೈ ಇಳಿದು ಅಂಗಿಯ ಕಾಲರು ಸಡಿಲವಾಗಿತ್ತು, ತೊಟ್ಟಿದ್ದ ಬೂದು ಸೂಟು ಹಿಂದಿನ ಗೋಡೆಯ ಬಣ್ಣದೊಳಗೆ ಕರಗಿಹೋಗುತ್ತಿತ್ತು. 43ರ ಹರೆಯದ ಜಾನ್ ಕೆನಡಿ ಕಡುಬಣ್ಣದ ಸೂಟಿನಲ್ಲಿ ಎದ್ದು ಕಾಣುತ್ತಿದ್ದರು. ಟೆಲಿವಿಷನ್ ನೋಡಿದವರು ಕೆನಡಿ ಗೆದ್ದರೆಂದೂ ರೇಡಿಯೋ ಕೇಳಿದವರು ನಿಕ್ಸನ್ ಗೆದ್ದರೆಂದೂ ಹೇಳಿದರೆಂಬ ಕತೆ ಅಂದಿನಿಂದ ಬಾಯಿಂದ ಬಾಯಿಗೆ ಹರಿದು ಬಂದಿದೆ. ಬಾನುಲಿಯಲ್ಲಿ ಮಾತನಾಡುವವನಿಗೆ ಇದಕ್ಕಿಂತ ಹಿತವಾದ ಕತೆ ಬೇರೊಂದಿರಲಾರದು. ಆದರೆ ಅದಕ್ಕೆ ಆಧಾರವಾದ ಸಮೀಕ್ಷೆಯಲ್ಲಿ ರೇಡಿಯೋ ಕೇಳುಗರ ಸಂಖ್ಯೆ ತೀರ ಚಿಕ್ಕದು. ಅಷ್ಟು ದೊಡ್ಡ ಮಾತನ್ನು ಅದು ಹೊರಲಾರದು.

ಆ ಚರ್ಚೆಯಲ್ಲಿ ನಾವು ಗಮನಿಸಬೇಕಾದದ್ದು ಸೂಟಿನ ಬಣ್ಣಕ್ಕಿಂತ ಒಂದು ಪ್ರಶ್ನೆ ಮತ್ತು ಅದರ ಉತ್ತರ. ನಿಮಗೆ ಅನುಭವ ಸಾಲದು, ನೀವಿನ್ನೂ ಪಕ್ವವಾಗಿಲ್ಲ ಎನ್ನುತ್ತಾರಲ್ಲ ಎಂದು ಕೆನಡಿಯವರನ್ನು ಕೇಳಲಾಯಿತು. ಅವರು ಕೊಟ್ಟ ಉತ್ತರ ಲೆಕ್ಕದ್ದು: ತಾವೂ ನಿಕ್ಸನ್ನರೂ ಗೆದ್ದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಬಂದದ್ದು 1946ರ ಒಂದೇ ಚುನಾವಣೆಯಲ್ಲಿ, ಇಬ್ಬರದೂ 14 ವರ್ಷಗಳ ಸಾರ್ವಜನಿಕ ಜೀವನ. ಹಾಗಾದರೆ ಅನುಭವಿ ಮತ್ತು ಅನನುಭವಿ ಎಂಬ ಭೇದ ಎಲ್ಲಿಂದ ಬಂತು? ಒಬ್ಬರು ಉಪಾಧ್ಯಕ್ಷರಾಗಿ ಸಚಿವ ಸಂಪುಟದ ಸಭೆಗಳಲ್ಲಿ ಕುಳಿತಿದ್ದರು, ಇನ್ನೊಬ್ಬರು ಕುಳಿತಿರಲಿಲ್ಲ. ಆದರೆ ನಿಕ್ಸನ್ನರ ಯಾವ ಮುಖ್ಯ ಸಲಹೆಯನ್ನು ನೀವು ಸ್ವೀಕರಿಸಿದಿರಿ ಎಂದು ಆ ಆಗಸ್ಟಿನಲ್ಲಿ ಪತ್ರಕರ್ತರು ಕೇಳಿದಾಗ, ಅಧ್ಯಕ್ಷ ಐಸೆನ್‌ಹೋವರ್ ಒಂದು ವಾರ ಸಮಯ ಕೊಟ್ಟರೆ ಏನಾದರೊಂದು ಹೊಳೆದೀತು ಎಂದುಬಿಟ್ಟರು. ಸಭೆಯಲ್ಲಿ ಕುರ್ಚಿಯಿರುವುದು ಬೇರೆ, ನಿರ್ಧಾರದ ಹೊಣೆ ಹೊರುವುದು ಬೇರೆ ಎಂಬುದನ್ನು ನಿಕ್ಸನ್ನರ ಎದುರಾಳಿಗಳು ಕೂಡ ಇಷ್ಟು ಚುಟುಕಾಗಿ ಹೇಳಿರಲಿಲ್ಲ. ಚುನಾವಣೆಯಲ್ಲಿ ಚಲಾವಣೆಯಾದ 6.8 ಕೋಟಿಗೂ ಮಿಕ್ಕಿದ ಮತಗಳಲ್ಲಿ ಗೆದ್ದ ಕೆನಡಿಗೂ ಸೋತ ನಿಕ್ಸನ್ನರಿಗೂ ನಡುವಿನ ಅಂತರ 1.2 ಲಕ್ಷವನ್ನೂ ಮುಟ್ಟಲಿಲ್ಲ.

ಅದೇ ಉತ್ತರದಲ್ಲಿ ಕೆನಡಿ ಅಬ್ರಹಾಂ ಲಿಂಕನ್ನರನ್ನೂ ನೆನೆದರು. ಕಾಂಗ್ರೆಸ್ಸಿನಲ್ಲಿ ಒಂದೇ ಅವಧಿ, 1858ರಲ್ಲಿ ಅದರ ಮೇಲ್ಮನೆಯಾದ ಸೆನೆಟ್ಟಿನ ಸ್ಪರ್ಧೆಯಲ್ಲಿ ಸೋಲು. ಶ್ವೇತಭವನಕ್ಕೆ ಬಂದಾಗ ಲಿಂಕನ್ನರ ಬಳಿ ಇದ್ದ ರಾಷ್ಟ್ರಮಟ್ಟದ ಅನುಭವ ಇಷ್ಟೇ. ಅವರಿಗೆ ಕುರ್ಚಿ ಬಿಟ್ಟುಕೊಟ್ಟ ಜೇಮ್ಸ್ ಬುಕ್ಯಾನನ್ ಕಾಂಗ್ರೆಸ್ಸಿನ ಎರಡೂ ಸದನಗಳಲ್ಲಿದ್ದವರು, ರಷ್ಯಾ ಮತ್ತು ಬ್ರಿಟನ್ನಿನಲ್ಲಿ ರಾಯಭಾರ ನಡೆಸಿದವರು, ವಿದೇಶಾಂಗ ಮಂತ್ರಿಯಾಗಿದ್ದವರು. 1860ರ ಡಿಸೆಂಬರಿನಲ್ಲಿ ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಡಲು ಹೊರಟಾಗ ಈ ಅನುಭವವೆಲ್ಲ ಕೂಡಿ ಕೊಟ್ಟ ತೀರ್ಪೇನು? ಬಿಟ್ಟುಹೋಗುವ ಹಕ್ಕು ರಾಜ್ಯಗಳಿಗಿಲ್ಲ, ಬಲವಂತದಿಂದ ತಡೆಯುವ ಅಧಿಕಾರ ಕೇಂದ್ರಕ್ಕಿಲ್ಲ! ಅವರು ಅಧಿಕಾರದಿಂದ ಇಳಿಯುವ ಹೊತ್ತಿಗೆ ಏಳು ರಾಜ್ಯಗಳು ಹೊರನಡೆದಿದ್ದವು. ಲಿಂಕನ್ ಮಾಡಿದ ಜಾಣತನವೆಂದರೆ, ಪಕ್ಷದ ಉಮೇದುವಾರಿಕೆಗೆ ತಮಗಿಂತ ಮುಂದಿದ್ದ ಪಳಗಿದ ರಾಜಕಾರಣಿ ವಿಲಿಯಂ ಸೀವರ್ಡ್‌ರನ್ನು ಕರೆದು ವಿದೇಶಾಂಗ ಖಾತೆ ಕೊಟ್ಟದ್ದು. ಅನುಭವವನ್ನು ಎರವಲು ಪಡೆಯಬಹುದು. ವಿವೇಚನೆಯನ್ನು ಹಾಗೆ ತರಲು ಬರುವುದಿಲ್ಲ.

ಎರವಲು ತಂದ ಅನುಭವವೂ ಕೆಲವೊಮ್ಮೆ ಕೈಕೊಡುತ್ತದೆ. ಅಧಿಕಾರಕ್ಕೆ ಬಂದು ಮೂರು ತಿಂಗಳಾಗುವ ಮೊದಲೇ, 1961ರ ಏಪ್ರಿಲ್‌ನಲ್ಲಿ, ಗೂಢಚಾರ ಸಂಸ್ಥೆಯ ನುರಿತ ಕೈಗಳನ್ನು ನಂಬಿ ಕೆನಡಿ ಕ್ಯೂಬಾದ ಬೇ ಆಫ್ ಪಿಗ್ಸ್ ಎಂಬ ಕೊಲ್ಲಿಯ ಮೇಲಿನ ದಾಳಿಗೆ ಒಪ್ಪಿ ಮುಖಭಂಗ ಅನುಭವಿಸಿದರು. ಮರುವರ್ಷದ ಅಕ್ಟೋಬರಿನಲ್ಲಿ ಸೋವಿಯತ್ ಕ್ಷಿಪಣಿಗಳು ಕ್ಯೂಬಾ ಸೇರಿದ್ದರಿಂದ ಎದ್ದ ಬಿಕ್ಕಟ್ಟಿನಲ್ಲಿ ಸೇನಾ ಮುಖ್ಯಸ್ಥರು ವಾಯುದಾಳಿಗೆ ಒತ್ತಾಯಿಸಿದರೂ ಅವರು ಮಣಿಯದೆ ನೌಕಾ ದಿಗ್ಬಂಧನವನ್ನು ಆಯ್ದುಕೊಂಡರು. ನಡುವಿನ ಆ ಹದಿನೆಂಟು ತಿಂಗಳು, ಅದರಲ್ಲೂ ಮೊದಲ ಸೋಲು, ಕಾಂಗ್ರೆಸ್ಸಿನ 14 ವರ್ಷಗಳಿಗಿಂತ ಹೆಚ್ಚು ಕಲಿಸಿರಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ನಾನು ವರ್ಚಸ್ಸಿನ ಪಕ್ಷ ವಹಿಸಿದಂತಾಗಲಿಲ್ಲ. 1963ರ ಜೂನ್ 11ರಂದು ಕೆನಡಿ ಟೆಲಿವಿಷನ್ನಿನಲ್ಲಿ, ಕಪ್ಪು ಜನರ ಸಮಾನ ಹಕ್ಕು ನೈತಿಕ ಪ್ರಶ್ನೆಯೆಂದು ದೇಶದ ಮುಂದಿಟ್ಟರು. ಭಾಷಣ ಮನಸ್ಸುಗಳನ್ನು ಕಲಕಿತು, ಮಸೂದೆ ಮಾತ್ರ ಕಾಂಗ್ರೆಸ್ಸಿನಲ್ಲಿ ಸಿಕ್ಕಿಹಾಕಿಕೊಂಡಿತು. ಅದನ್ನು ದಡ ಮುಟ್ಟಿಸಿದವರು ಕೆನಡಿ ಹತ್ಯೆಯ ಬಳಿಕ ಅಧ್ಯಕ್ಷರಾದ, ಭಾಷಣದಲ್ಲಿ ಮಂಕಾಗಿ ಕಾಣುತ್ತಿದ್ದ ಲಿಂಡನ್ ಜಾನ್ಸನ್. ಎರಡೂ ಸದನಗಳಲ್ಲಿ 24 ವರ್ಷ ಕಳೆದು, ಸೆನೆಟ್ಟಿನ ಬಹುಮತದ ನಾಯಕರೂ ಆಗಿದ್ದ ಅವರಿಗೆ ಯಾವ ಸದಸ್ಯರಿಗೆ ಏನು ಬೇಕು, ಯಾರನ್ನು ಯಾವಾಗ ಫೋನಿನಲ್ಲಿ ಹಿಡಿಯಬೇಕು ಎಂಬುದು ತಿಳಿದಿತ್ತು. ಸೆನೆಟ್ಟಿನಲ್ಲಿ ಎರಡು ತಿಂಗಳಿಗೂ ಹೆಚ್ಚು ನಡೆದ ಅಡ್ಡಿಯ ಭಾಷಣಗಳನ್ನು ದಾಟಿ 1964ರ ಜುಲೈ 2ರಂದು ಅದು ಕಾನೂನಾಯಿತು. ಅದೇ ಜಾನ್ಸನ್ ವಿಯೆಟ್ನಾಂ ಯುದ್ಧದಲ್ಲಿ ಮುಳುಗಿದರು. ಸೆನೆಟ್ಟಿನಲ್ಲಿ ಕಲಿತ ಚೌಕಾಸಿಯ ವಿದ್ಯೆ ಉತ್ತರ ವಿಯೆಟ್ನಾಂನ ರಾಜಧಾನಿ ಹನೋಯ್‌ನಲ್ಲಿ ನಡೆಯಲಿಲ್ಲ. ಆದ್ದರಿಂದ ಅನುಭವ ಎಷ್ಟು ವರ್ಷದ್ದೆಂದು ಕೇಳುವವರು, ಯಾವ ಕೆಲಸದ ಅನುಭವವೆಂದೂ ಕೇಳಬೇಕಾಗುತ್ತದೆ.

2008ರಲ್ಲಿ ಡೆಮಾಕ್ರಟಿಕ್ ಪಕ್ಷದ ಮತದಾರರ ಮುಂದೆ ಬಂದದ್ದು ಇದೇ ತಕ್ಕಡಿ. ಒಂದು ತಟ್ಟೆಯಲ್ಲಿ ಅಧ್ಯಕ್ಷರ ಪತ್ನಿಯಾಗಿ ಶ್ವೇತಭವನದಲ್ಲಿದ್ದು ಆಮೇಲೆ ಸೆನೆಟರೂ ಆದ ಹಿಲರಿ ಕ್ಲಿಂಟನ್, ಇನ್ನೊಂದರಲ್ಲಿ ಸೆನೆಟ್ಟಿಗೆ ಬಂದು ಮೂರೇ ವರ್ಷವಾಗಿದ್ದ ಬರಾಕ್ ಒಬಾಮಾ. ಮಕ್ಕಳು ಮಲಗಿರುವ ಮನೆ, ಸಮಯ ರಾತ್ರಿ ಮೂರು ಗಂಟೆ, ಶ್ವೇತಭವನದಲ್ಲಿ ಫೋನು ಮೊಳಗುತ್ತಿದೆ, ಅದನ್ನು ಎತ್ತುವವರು ಯಾರಿರಬೇಕು ಎಂದು ಕೇಳುವ ಜಾಹೀರಾತನ್ನು ಟೆಕ್ಸಸ್ ಮತದಾನಕ್ಕೆ ಮುಂಚೆ ಹಿಲರಿ ಪಾಳಯ ಹೊರತಂದಿತು. ಪ್ರಶ್ನೆ ಸರಿಯಾದದ್ದೇ. ಆದರೆ ಅಂಥ ಒಂದು ಗಳಿಗೆ 2002ರ ಅಕ್ಟೋಬರಿನಲ್ಲಿ ಬಂದಿತ್ತು. ಇರಾಕ್ ಯುದ್ಧಕ್ಕೆ ಅನುಮತಿ ನೀಡುವ ನಿರ್ಣಯಕ್ಕೆ ಸೆನೆಟರ್ ಕ್ಲಿಂಟನ್ ಮತ ಹಾಕಿದ್ದರು. ರಾಜ್ಯ ಶಾಸನಸಭೆಯ ಸದಸ್ಯರಾಗಿದ್ದ ಒಬಾಮಾ ಷಿಕಾಗೋದ ಸಭೆಯೊಂದರಲ್ಲಿ ಆ ಯುದ್ಧವನ್ನು ವಿರೋಧಿಸಿದ್ದರು. ಮತ ಹಾಕುವ ಹೊಣೆ ಇಲ್ಲದವರಿಗೆ ವಿರೋಧ ಸುಲಭ ಎಂಬ ಹಿಲರಿ ಬೆಂಬಲಿಗರ ಮಾತಿನಲ್ಲೂ ಹುರುಳಿದೆ.

ಅಂದ ಹಾಗೆ, ಆ ಜಾಹೀರಾತಿನಲ್ಲಿ ನಿದ್ದೆ ಮಾಡುತ್ತಿದ್ದ ಹುಡುಗಿಯ ದೃಶ್ಯವನ್ನು ಬೇರೊಂದು ಕೆಲಸಕ್ಕೆಂದು ಹಲವು ವರ್ಷಗಳ ಹಿಂದೆಯೇ ಚಿತ್ರಿಸಲಾಗಿತ್ತು. 2008ರ ಹೊತ್ತಿಗೆ ಆಕೆ ಹದಿನೆಂಟರ ಹೊಸ್ತಿಲಲ್ಲಿದ್ದಳು, ಒಬಾಮಾ ಪರವಾಗಿ ಪ್ರಚಾರ ಮಾಡುತ್ತಿದ್ದಳು.